ಯುಗಾದಿ ಬೇಟೆ: ಏನಿತ್ತು, ಕಾನೂನು ಏನನ್ನುತ್ತೆ, ಮುಂದಿನವರಿಗೆ ಏನು ದಾಟಿಸಬಹುದು

ಹಿಂಗಾರಿ ಜೋಳ, ಕಡ್ಲೆ ಮನೆ ಸೇರಿ ಹೊಲಗಳು ಬರಿದಾಗುತ್ತವೆ. ಹಳ್ಳದ ನೀರು ಗುಂಡಿಗಿಷ್ಟು ಉಳಿಯುತ್ತೆ, ಗುಡ್ಡದ ಹುಲ್ಲು ಒಣಗುತ್ತೆ. ಹೋಳಿ ಹುಣ್ಣಿಮೆ ದಾಟಿ ಯುಗಾದಿ ಹತ್ತಿರ ಬಂತು ಅಂದ್ರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಎಷ್ಟೋ ಊರಿನ ಕಟ್ಟೆಗಳ ಮೇಲೆ ಒಂದು ಮಾತು ಏಳುತ್ತೆ: ಈ ಸಲ ಬೇಟೆ ಐತೇನು?

ಹಿರಿಯರಿಗೆ ಇದು ಹಬ್ಬದ ಮಾತು. ಅರಣ್ಯ ಇಲಾಖೆಗೆ ಗಸ್ತು ಹೆಚ್ಚಿಸುವ ಕಾಲ. ನಡುವೆ ಸಿಕ್ಕಿಬೀಳೋರು ಮಾತ್ರ ಹದಿನೆಂಟು ಇಪ್ಪತ್ತರ ಹುಡುಗರು. ತಾತ ಮಾಡಿದ್ದನ್ನೇ ತಾವು ಮಾಡ್ತಿದ್ದೀವಿ ಅಂದುಕೊಂಡು ಬೈಕ್ ಹತ್ತಿ ಹೊರಡುತ್ತಾರೆ, ಕೆಲವರು ಕೇಸು ಹಾಕಿಸಿಕೊಂಡು ವಾಪಸ್ ಬರ್ತಾರೆ. 2025ರ ಯುಗಾದಿ ಹೊತ್ತಿಗೆ ನೆರೆಯ ರಾಯಚೂರು ಜಿಲ್ಲೆಯಲ್ಲಿ ಸತ್ತ ಮೊಲಗಳನ್ನು ಹಿಡಿದು ಮೆರವಣಿಗೆ ಹೋದ ವಿಡಿಯೋ ಎಲ್ಲರ ಮೊಬೈಲ್‌ಗೂ ಬಂದು, ಅದೇ ವಿಡಿಯೋ ಆಧಾರದಲ್ಲಿ ಅರಣ್ಯ ಇಲಾಖೆ ಪ್ರಕರಣ ದಾಖಲಿಸಿದ್ದು ಈ ಭಾಗದವರಿಗೂ ನೆನಪಿರಬೇಕು. ಆದ್ದರಿಂದ ಈ ಬೇಟೆ ಎಲ್ಲಿಂದ ಬಂತು, ಕಾನೂನು ಅದರಲ್ಲಿ ಯಾವುದನ್ನು ತಡೆಯುತ್ತೆ, ಯಾವುದನ್ನು ತಡೆಯೋದಿಲ್ಲ ಎಂಬ ವಿವರ ಇಲ್ಲಿದೆ.

ಯುಗಾದಿಗೇ ಯಾಕೆ?

ಕಾರಣ ಪಂಚಾಂಗಕ್ಕಿಂತ ಹೆಚ್ಚಾಗಿ ಹೊಲದಲ್ಲಿದೆ. ಮಳೆಗಾಲದಲ್ಲಿ ಬೇಟೆಗೆ ಹೊರಡಲು ರೈತನಿಗೆ ಪುರಸೊತ್ತಿಲ್ಲ, ಬೆಳೆ ನಿಂತ ಹೊಲದಲ್ಲಿ ಪ್ರಾಣಿ ಕಾಣೋದೂ ಇಲ್ಲ. ಕೊಯ್ಲು ಮುಗಿದ ಮೇಲೆ ಎರಡೂ ತಿರುಗುಮುರುಗಾಗುತ್ತೆ. ಕೈಗೆ ಬಿಡುವು, ಕಣ್ಣಿಗೆ ಬಯಲು. ಅವಿತುಕೊಳ್ಳಲು ಬೆಳೆಯಿಲ್ಲದ ಮೊಲ ಬದುವಿನ ಹುಲ್ಲು, ಬಂದರಿ ಗಿಡದ ಬುಡ ಹುಡುಕುತ್ತೆ. ನೀರು ಎಲ್ಲಿ ಉಳಿದಿದೆಯೋ ಅಲ್ಲಿಗೆ ಹಂದಿ, ನವಿಲು, ಕೌಜುಗ ಬಂದೇ ಬರುತ್ತವೆ. ಹೊಸ ವರ್ಷದ ಮೊದಲ ಬೇಟೆ ಸಿಕ್ಕರೆ ಆ ವರ್ಷ ಮಳೆಬೆಳೆ ಚೆನ್ನಾಗಿ ಆಗುತ್ತೆ ಅನ್ನೋ ನಂಬಿಕೆಯೂ ಇದರ ಜೊತೆ ಸೇರಿಕೊಂಡಿದೆ. ಯುಗಾದಿಯ ದಿನ ಬೇವುಬೆಲ್ಲ, ಹೋಳಿಗೆ. ಮರುದಿನದಿಂದ ಮಾಂಸದ ಊಟ. ಹಬ್ಬದ ಈ ಎರಡು ಮುಖಗಳ ನಡುವೆ ಬೇಟೆಗೆ ಜಾಗ ಸಿಕ್ಕಿತು.

ಯಾರ ಬೇಟೆ?

ಈ ಐದು ತಾಲ್ಲೂಕುಗಳಲ್ಲಿ ಬೇಟೆ ಅಂದ್ರೆ ಮೊದಲು ನೆನಪಾಗೋದು ಬೇಡ ನಾಯಕ ಸಮುದಾಯ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳು ಬೇಡರನ್ನು ಬೋಯರೆಂಬ ಹೆಸರಿನಲ್ಲಿ ವಿವರಿಸುತ್ತವೆ. ಊರಿನಲ್ಲಿ ನೆಲೆಸಿದವರು ಒಂದು ಪಂಗಡ, ಮ್ಯಾಸದವರು ಇನ್ನೊಂದು ಅಂತ ಅಲ್ಲಿ ಗುರುತಿಸಲಾಗಿದೆ. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮ್ಯಾಸಬೇಡರು ಇವತ್ತಿಗೂ ಕೂಡ್ಲಿಗಿ ತಾಲ್ಲೂಕಿನಲ್ಲಿ, ಅದಕ್ಕೆ ಅಂಟಿಕೊಂಡ ಮೊಳಕಾಲ್ಮೂರು, ಚಳ್ಳಕೆರೆ ಕಡೆ ಹೆಚ್ಚಾಗಿದ್ದಾರೆ. ಅವರು ಬರೀ ಬೇಟೆಗಾರರಲ್ಲ, ದನಗಾಹಿಗಳೂ ಹೌದು. ದೇವರ ಎತ್ತುಗಳು, ಅವನ್ನು ಕಾಯುವ ಕಿಲಾರಿಗಳು, ಗುಡಿಕಟ್ಟು, ಪೆಟ್ಟಿಗೆ ದೇವರು ಇವೆಲ್ಲ ಅವರ ಬದುಕಿನ ಭಾಗ. ಕಾಡಿನ ಮಾಂಸ ತಿಂದವರ ಮನೆಯಲ್ಲಿ ಕೋಳಿ ಮುಟ್ಟುವುದಿಲ್ಲ, ಹೆಂಡ ಸೇರಿಸುವುದಿಲ್ಲ ಎಂಬ ಕಟ್ಟಳೆ ಹೊರಗಿನವರಿಗೆ ಆಶ್ಚರ್ಯ. ಗಾದ್ರಿ ಪಾಲನಾಯಕ, ಜಗಲೂರು ಪಾಪನಾಯಕರಂಥ ಸಾಂಸ್ಕೃತಿಕ ವೀರರ ಕಥೆಗಳಲ್ಲಿ ದನ, ಕಾಡು, ಬೇಟೆ ಬೇರೆ ಬೇರೆಯಾಗಿ ಬರುವುದೇ ಇಲ್ಲ.

ಬೇಟೆಯ ಈ ಕೌಶಲವೇ ಮುಂದೆ ಸೈನ್ಯವಾಯಿತು, ಆಳ್ವಿಕೆಯಾಯಿತು. ಹರಪನಹಳ್ಳಿ, ಗುಡೇಕೋಟೆ, ಜರಿಮಲೆ ಪಾಳೇಗಾರರು ಬೇಡ ನಾಯಕ ಮೂಲದವರು. ಜಾಡು ಹಿಡಿಯೋದು, ಹೊಂಚು ಹಾಕೋದು, ಗುಡ್ಡದ ಸಂದಿ ಗೊಂದಿ ಬಲ್ಲವರಾಗಿರೋದು ಬೇಟೆಗೂ ಬೇಕು, ಕೋಟೆ ಕಾಯಲಿಕ್ಕೂ ಬೇಕು. ಬ್ರಿಟಿಷರಿಗೆ ಇದು ಗೊತ್ತಿದ್ದೇ 1857ರಲ್ಲಿ ನಿಶ್ಶಸ್ತ್ರೀಕರಣ ಕಾಯ್ದೆ ತಂದು, ಆಯುಧ ಇಟ್ಟುಕೊಳ್ಳಲು ಪರವಾನಗಿ ಬೇಕು ಅಂದರು. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಊರು ಸುಟ್ಟರು, ಡಿಸೆಂಬರ್‌ನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಹಲಗಲಿ ಬೇಡರ ಲಾವಣಿ ಶಾಲೆಯಲ್ಲಿ ಓದದವರು ಕಮ್ಮಿ. ಬೇಟೆ ಬೇಡ ಅಂತ ಸರ್ಕಾರದವರು ಹೇಳಿದ ಕೂಡಲೇ ಈ ಭಾಗದ ಹಿರಿಯರ ಮುಖ ಬಿಗಿಯುವುದರ ಹಿಂದೆ ಇಂಥ ನೆನಪಿದೆ. ಆದರೆ ಹಲಗಲಿಯಲ್ಲಿ ಕಸಿದದ್ದು ಮನುಷ್ಯರ ಆಯುಧ, ಮಾನ. ಈಗಿನ ಕಾನೂನು ಕೇಳುತ್ತಿರೋದು ಮೊಲದ ಜೀವ. ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ಸರಿಯಲ್ಲ.

ಬೇಡರಷ್ಟೇ ಅಲ್ಲ, ಹಕ್ಕಿಪಿಕ್ಕಿ, ಹರಣಶಿಕಾರಿ ಸಮುದಾಯಗಳ ಹೆಸರಲ್ಲೇ ಹಕ್ಕಿ ಇದೆ, ಶಿಕಾರಿ ಇದೆ. ಅವರದು ಹಬ್ಬದ ಬೇಟೆಯಾಗಿರಲಿಲ್ಲ, ದಿನದ ಕೂಳಿನ ದಾರಿಯಾಗಿತ್ತು. ಕಾನೂನು ಬಿಗಿಯಾದಾಗ ಹೆಚ್ಚು ಪೆಟ್ಟು ತಿಂದವರೂ ಅವರೇ. ಇನ್ನು ಯುಗಾದಿ ಬೇಟೆಗೆ ಊರಿನ ಎಲ್ಲ ಜಾತಿಯ ಗಂಡಸರೂ ಸೇರುತ್ತಿದ್ದರು ಅನ್ನೋದು ಗೊತ್ತಿರುವ ವಿಷಯವೇ.

ತಯಾರಿ ಹೇಗಿರುತ್ತಿತ್ತು

ಗುಂಪು ಬೇಟೆ ಒಬ್ಬನ ಕೆಲಸ ಅಲ್ಲ. ವಾರ ಮುಂಚೆಯೇ ದನ ಕಾಯೋರು, ಕುರಿ ಕಾಯೋರು ಎಲ್ಲಿ ಹೆಜ್ಜೆ ಕಂಡಿದೆ, ಯಾವ ಹಳ್ಳದಲ್ಲಿ ನೀರಿದೆ ಅಂತ ಸುದ್ದಿ ತರುತ್ತಿದ್ದರು. ಬಲೆ ಬಿಚ್ಚಿ ಹರಿದ ಕಣ್ಣು ಹೆಣೆಯೋದು, ಈಟಿಗೆ ಕಾವು ಕೂರಿಸೋದು, ಕವಣೆಗೆ ಉರುಟು ಕಲ್ಲು ಆರಿಸೋದು, ನಾಯಿಗಳನ್ನು ಬಯಲಲ್ಲಿ ಓಡಿಸಿ ಪಳಗಿಸೋದು ಮನೆಮನೆಯ ಕೆಲಸ. ಊರ ದೇವರಿಗೆ ಕಾಯಿ ಒಡೆದು ಹೊರಡುತ್ತಿದ್ದರು. ಕಾಡಲ್ಲಿ ಕೆಲಸ ಹಂಚಿಕೆ ಮೊದಲೇ ತೀರ್ಮಾನ. ಒಂದು ಕಡೆ ಸಾಲಾಗಿ ಬಲೆ ಕಟ್ಟಿ ಹೊಂಚಿದವರು, ಎದುರು ಕಡೆಯಿಂದ ಹಲಗೆ ಬಡಿದು, ಕೂಗಿ, ಪೊದೆ ತಟ್ಟುತ್ತಾ ಪ್ರಾಣಿ ಸೋವುವವರು. ಹುಡುಗರಿಗೆ ಮೊದಲ ಪಾಠ ಈ ಸೋವುವ ಸಾಲಿನಲ್ಲೇ. ಬಲೆಯ ಹತ್ತಿರ ನಿಲ್ಲಲು ಬಿಡೋಕೆ ವರ್ಷಗಳು ಬೇಕಾಗುತ್ತಿದ್ದವು.

ಸಿಕ್ಕಿದ್ದನ್ನು ಹಂಚೋದಕ್ಕೂ ಲೆಕ್ಕ ಇತ್ತು. ಹೊಡೆದವನಿಗೆ ಒಂದಿಷ್ಟು ಹೆಚ್ಚು, ನಾಯಿ ತಂದವನಿಗೆ ನಾಯಿಯ ಪಾಲು, ಬರಲಾಗದ ಮುದುಕರ ಮನೆಗೂ ಒಂದು ತುಣುಕು. ತಮ್ಮ ಬೆಡಗಿನ ಹೆಸರಿನ ಪ್ರಾಣಿ, ಗಿಡವನ್ನು ಆ ಬೆಡಗಿನವರು ಮುಟ್ಟದೆ ಬಿಡುವ ರೂಢಿಯೂ ಇತ್ತು.

ಬೇಟೆನಾಯಿಗೆ ನಮ್ಮಲ್ಲಿ ಎಷ್ಟು ಮಾನ ಇತ್ತು ಅನ್ನೋದಕ್ಕೆ ಸಾವಿರ ವರ್ಷ ಹಿಂದಿನ ಸಾಕ್ಷಿ ಇದೆ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೇ ಶತಮಾನದ ಶಾಸನ ಹಂದಿಯೊಂದಿಗೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ನಿಲ್ಲಿಸಿದ ಕಲ್ಲು. ಗಂಗರ ಬೂತುಗ ತನ್ನ ವೀರ ಮಣಲರನಿಗೆ ಕೊಟ್ಟ ನಾಯಿ ಅದು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಷ್ಟು ದೂರ ಹೋಗೋದು ಬೇಡ ಅನ್ನೋರು ನಮ್ಮ ಜಿಲ್ಲೆಯ ಹಂಪಿಗೇ ಹೋಗಿ ಮಹಾನವಮಿ ದಿಬ್ಬದ ಕಲ್ಲುಪಟ್ಟಿಗಳನ್ನು ಕಣ್ಣಿಟ್ಟು ನೋಡಲಿ. ಈಟಿ ಹಿಡಿದವರು, ಓಡುವ ಜಿಂಕೆ, ತಿರುಗಿಬಿದ್ದ ಹಂದಿ, ನಾಯಿಗಳು ಎಲ್ಲವೂ ಅಲ್ಲಿವೆ.

ಲೈಸೆನ್ಸ್ ಇದ್ದ ಕಾಲ

ನಮ್ಮ ಅಜ್ಜನ ಹತ್ರ ಶಿಕಾರಿ ಲೈಸೆನ್ಸ್ ಇತ್ತು ಅಂತ ಹೇಳುವ ಮನೆಗಳು ಇವೆ. ಅದು ಸುಳ್ಳಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗಲೂ ಬೇಟೆ ಪೂರ್ತಿ ನಿಂತಿರಲಿಲ್ಲ. ಮೊದಲ ಅನುಸೂಚಿಯ ಪ್ರಾಣಿಗಳನ್ನು ಬಿಟ್ಟು ಉಳಿದವಕ್ಕೆ ಸಣ್ಣ ಬೇಟೆ, ದೊಡ್ಡ ಬೇಟೆ, ಬಲೆ ಹಾಕಿ ಹಿಡಿಯೋದು ಅಂತ ಬೇರೆ ಬೇರೆ ಲೈಸೆನ್ಸ್‌ಗೆ ಅವಕಾಶವಿತ್ತು. ಬೇಟೆಯ ಋತು, ಬೇಟೆ ಮುಚ್ಚುವ ಕಾಲ ಅನ್ನುವ ಮಾತುಗಳಿಗೆ ಆಗ ಸರ್ಕಾರಿ ಅರ್ಥ ಇತ್ತು. 1991ರ ತಿದ್ದುಪಡಿ ಆ ಲೈಸೆನ್ಸ್ ಪದ್ಧತಿಯನ್ನೇ ಕಿತ್ತುಹಾಕಿತು. ಅಲ್ಲಿಂದ ಇಲ್ಲಿಗೆ ದೇಶದಲ್ಲಿ ಕಾನೂನಿನ ಪ್ರಕಾರ ಬೇಟೆಯ ಋತು ಅನ್ನುವುದೇ ಇಲ್ಲ. ಅಂದ್ರೆ ಈಗ ನಲವತ್ತು ದಾಟದ ಯಾರಿಗೂ ತಾವು ದೊಡ್ಡವರಾದ ಮೇಲೆ ಕಾನೂನುಬದ್ಧ ಬೇಟೆ ಕಂಡ ಅನುಭವ ಇರಲಾರದು. ಅಜ್ಜನ ಹಳೆಯ ಕಾಗದ ಪೆಟ್ಟಿಗೆಯಲ್ಲಿದ್ದರೆ ಅದು ನೆನಪಿಗೆ ಮಾತ್ರ, ಗಸ್ತಿನವರಿಗೆ ತೋರಿಸಲಿಕ್ಕಲ್ಲ.

ಕಾಯ್ದೆಯಲ್ಲಿ ಬೇಟೆ ಎಂಬ ಪದದ ಅರ್ಥ ಎಷ್ಟು ಅಗಲ ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಕೊಲ್ಲೋದು ಮಾತ್ರ ಬೇಟೆಯಲ್ಲ. ಹಿಡಿಯೋದು, ವಿಷ ಇಡೋದು, ಉರುಳು ಒಡ್ಡೋದು, ಬಲೆ ಹಾಕೋದು, ಅಟ್ಟಿಸಿಕೊಂಡು ಹೋಗೋದು, ಸೋವೋದು, ಇವುಗಳಲ್ಲಿ ಯಾವುದಕ್ಕೇ ಪ್ರಯತ್ನಿಸೋದು, ಹಕ್ಕಿಯ ಮೊಟ್ಟೆ ತೆಗೆಯೋದು, ಗೂಡು ಕೆಡಿಸೋದು ಎಲ್ಲವೂ ಬೇಟೆಯೇ. ನಾನು ಬರೀ ಕೂಗಿದೆ, ಹಲಗೆ ಬಡಿದೆ, ಮೊಲ ಸಿಗಲೇ ಇಲ್ಲ ಅನ್ನೋದು ಉತ್ತರ ಆಗೋದಿಲ್ಲ. ಸಾಕಿದ ಕೌಜುಗವನ್ನು ಪಂಜರದಲ್ಲಿ ಕೂಗಿಸಿ, ಕೂಗಿಗೆ ಬಂದ ಕಾಡು ಕೌಜುಗಕ್ಕೆ ಉರುಳು ಹಾಕೋ ಹಳೇ ಉಪಾಯವೂ ಇದರಲ್ಲೇ ಬಂತು.

2022ರಲ್ಲಿ ಕಾಯ್ದೆಗೆ ಮತ್ತೆ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೊದಲು ಈ ದಂಡದ ಮಿತಿ 25 ಸಾವಿರ ಇತ್ತು. ಪ್ರಾಣಿ ಮೊದಲ ಅನುಸೂಚಿಯದಾಗಿದ್ದರೆ, ಅಥವಾ ಬೇಟೆ ನಡೆದ ಜಾಗ ವನ್ಯಜೀವಿ ಧಾಮದ ಒಳಗಾಗಿದ್ದರೆ ಕಥೆ ಬೇರೆ. ಆಗ ಜೈಲು 3 ವರ್ಷಕ್ಕೆ ಕಮ್ಮಿ ಆಗುವಂತಿಲ್ಲ, 7 ವರ್ಷದವರೆಗೆ ಹೋಗಬಹುದು, ದಂಡ ಕನಿಷ್ಠ 25 ಸಾವಿರ. ಕರಡಿ, ಚಿರತೆ, ನವಿಲು, ಕೃಷ್ಣಮೃಗ, ಚಿಪ್ಪುಹಂದಿ, ಉಡ ಇವೆಲ್ಲ ಮೊದಲ ಅನುಸೂಚಿಯಲ್ಲಿವೆ. ಉಡದ ಹಿಡಿತ ಅನ್ನೋ ಮಾತು ನಾಲಿಗೆ ಮೇಲಿದೆ, ಆದರೆ ಉಡ ಹಿಡಿದರೆ ಕಾನೂನಿನ ಹಿಡಿತ ಅದಕ್ಕಿಂತ ಗಟ್ಟಿ. ಮೊಲ, ಕಾಡುಹಂದಿ ಎರಡನೇ ಅನುಸೂಚಿಯಲ್ಲಿವೆ. ಮೊಲಕ್ಕೇನು ಕೇಸು ಹಾಕ್ತಾರೆ ಬಿಡು ಅನ್ನೋರಿಗೆ ಇದೇ ಉತ್ತರ.

ಬೇಟೆಗೆ ಬಳಸಿದ ಬೈಕ್, ಬಲೆ, ಆಯುಧ ಸರ್ಕಾರದ ವಶವಾಗುತ್ತೆ. ಬೇಟೆಗೆ ಹೋಗದೆ ಮಾಂಸ ಮಾತ್ರ ಇಟ್ಟುಕೊಂಡವರೂ ತಪ್ಪಿತಸ್ಥರೇ. ಅಟ್ಟದ ಮೇಲಿನ ಜಿಂಕೆ ಕೊಂಬು, ಗೋಡೆಯ ಚರ್ಮ, ಕೊರಳಿನ ಹುಲಿ ಉಗುರು ಹಿರಿಯರ ಕಾಲದ್ದು ಅಂದರೆ ಸಾಲದು, ಇಲಾಖೆಯ ಮಾಲೀಕತ್ವ ಪ್ರಮಾಣಪತ್ರ ಬೇಕು. ಮಾಡೋದು ಮಾಡಿ ವಾಟ್ಸ್ಆ್ಯಪ್ ಸ್ಟೇಟಸ್ ಹಾಕೋ ಹುಡುಗರು ಸಾಕ್ಷಿಯನ್ನೂ ತಾವೇ ಒದಗಿಸುತ್ತಾರೆ.

ಇದು ನಮ್ಮ ಪದ್ಧತಿ, ಬುಡಕಟ್ಟು ಹಕ್ಕು ಅನ್ನುವ ವಾದ ನಿಲ್ಲುತ್ತಾ? 2006ರ ಅರಣ್ಯ ಹಕ್ಕು ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ಮತ್ತು ಪಾರಂಪರಿಕ ಅರಣ್ಯವಾಸಿಗಳಿಗೆ ಜೇನು, ಹುಣಸೆಯಂಥ ಕಿರು ಉತ್ಪನ್ನದಿಂದ ಹಿಡಿದು ಮೇವಿನವರೆಗೆ ಹಲವು ಹಕ್ಕು ಕೊಟ್ಟಿದೆ. ರೂಢಿಯಿಂದ ಬಂದ ಇತರೆ ಹಕ್ಕುಗಳನ್ನೂ ಒಪ್ಪಿಕೊಂಡಿದೆ. ಆದರೆ ಅದೇ ಸಾಲಿನಲ್ಲಿ ಬೇಟೆ, ಬಲೆ ಹಾಕುವುದು, ಕಾಡುಪ್ರಾಣಿಯ ಅಂಗಾಂಗ ತೆಗೆಯುವುದು ಇವುಗಳನ್ನು ಹೆಸರಿಟ್ಟು ಹೊರಗಿಟ್ಟಿದೆ. ಪಶ್ಚಿಮ ಬಂಗಾಳದ ಬೇಟೆ ಹಬ್ಬಗಳ ವಿಚಾರದಲ್ಲಿ ಕಲ್ಕತ್ತಾ ಹೈಕೋರ್ಟ್ ಕೂಡ ಹಬ್ಬದ ಹೆಸರಿನ ಪ್ರಾಣಿಹತ್ಯೆ ತಡೆಯುವಂತೆ ಅಧಿಕಾರಿಗಳಿಗೆ 2019ರಲ್ಲಿ ಆದೇಶ ಕೊಟ್ಟಿತು.

ಹೊಲಕ್ಕೆ ಹಂದಿ ನುಗ್ಗಿದರೆ?

ಇದು ಹಬ್ಬದ ಪ್ರಶ್ನೆಯಲ್ಲ, ಹೊಟ್ಟೆಯ ಪ್ರಶ್ನೆ. ಮೆಕ್ಕೆಜೋಳ, ಶೇಂಗಾ ಹಾಕಿದ ರೈತನಿಗೆ ಒಂದೇ ರಾತ್ರಿಯಲ್ಲಿ ಹಂದಿಗಳು ಮಾಡುವ ನಷ್ಟ ಅನುಭವಿಸಿದವರಿಗೇ ಗೊತ್ತು. ಆದರೂ ಹೊಲದ ಹಂದಿಯನ್ನು ಕೊಲ್ಲುವ ಅಧಿಕಾರ ರೈತನಿಗೆ ತಾನಾಗಿಯೇ ಬರೋದಿಲ್ಲ, ಇಲಾಖೆಯ ಲಿಖಿತ ಅನುಮತಿ ಬೇಕು. ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಿಕೊಳ್ಳಲು ಸದುದ್ದೇಶದಿಂದ ಪ್ರಾಣಿಯನ್ನು ಕೊಂದರೆ ಮಾತ್ರ ಅಪರಾಧವಲ್ಲ. ಆಗಲೂ ಸತ್ತ ಪ್ರಾಣಿ ಸರ್ಕಾರದ್ದು.

ಬೇಲಿಗೆ ಕರೆಂಟ್ ಕೊಡೋದು, ಹಿಟ್ಟಿನುಂಡೆಯಲ್ಲಿ ಸಿಡಿಮದ್ದು ಇಡೋದು ಇವೆರಡೂ ಬೇಟೆಗಿಂತ ಕೆಟ್ಟವು. ಕರೆಂಟ್ ತಂತಿಗೆ ಹಂದಿಯೇ ಬರಬೇಕಂತಿಲ್ಲ, ರಾತ್ರಿ ನೀರು ಕಟ್ಟಲು ಬಂದ ಪಕ್ಕದ ಹೊಲದವನೂ ಬರಬಹುದು. ಸಿಡಿಮದ್ದು ಮೇಯಲು ಹೋದ ಎಮ್ಮೆಯ ದವಡೆ ಒಡೆದರೆ ಯಾರಿಗೆ ಹೇಳೋದು? ಬೆಳೆ ನಷ್ಟವಾದರೆ ಆದ ಕೂಡಲೇ ಫೋಟೋ ತೆಗೆದು, ಪಹಣಿ ಸಹಿತ ವಲಯ ಅರಣ್ಯ ಕಚೇರಿಗೆ ಪರಿಹಾರದ ಅರ್ಜಿ ಕೊಡೋದೇ ದಾರಿ. ಪರಿಹಾರ ಸಿಗೋದು ತಡ, ನಷ್ಟಕ್ಕೆ ಸಾಲೋದೂ ಇಲ್ಲ ಅನ್ನೋ ಸಿಟ್ಟು ನ್ಯಾಯವಾದದ್ದೇ. ಆದರೆ ಅರ್ಜಿ ಬೀಳದ ನಷ್ಟ ಯಾವ ಲೆಕ್ಕಕ್ಕೂ ಬರೋದಿಲ್ಲ.

ಹಾಗಾದರೆ ಮಕ್ಕಳಿಗೆ ಕೊಡೋದೇನು

ನಿಜವಾಗಿ ಯೋಚಿಸಬೇಕಾದ್ದು ಇಲ್ಲಿ. ಹಳೇ ಬೇಟೆಯಲ್ಲಿ ಕೊಲ್ಲೋದು ಕೊನೆಯ ಐದು ನಿಮಿಷದ ಕೆಲಸ. ಅದಕ್ಕೆ ಮುಂಚಿನ ವರ್ಷಗಟ್ಟಲೆ ಕಲಿಕೆಯೇ ವಿದ್ಯೆ. ಇವತ್ತಿನ ಹುಡುಗರು ಹೆಡ್‌ಲೈಟಿನ ಬೆಳಕಿಗೆ ಕಣ್ಣುಕತ್ತಲಾಗಿ ನಿಂತ ಮೊಲಕ್ಕೆ ಹೊಡೆಯುವಾಗ ಆ ವಿದ್ಯೆಯ ಒಂದಕ್ಷರವೂ ಬೇಕಾಗೋದಿಲ್ಲ. ಅಂದ್ರೆ ತಾತನಿಂದ ಇವರಿಗೆ ಬಂದದ್ದು ಆ ಐದು ನಿಮಿಷ ಮಾತ್ರ. ಉಳಿದದ್ದು ತಾತನ ಜೊತೆಗೇ ಹೋಗ್ತಾ ಇದೆ.

ಏನದು ಉಳಿದದ್ದು? ಮೊಲ ಬಿಲ ತೋಡೋದಿಲ್ಲ, ಹುಲ್ಲಿನ ನಡುವೆ ಮೈ ಹಿಡಿಯುವಷ್ಟೇ ತಗ್ಗು ಮಾಡಿಕೊಂಡು ಹಕ್ಕೆಯಲ್ಲಿ ಕೂರುತ್ತೆ, ಕಾಲ ಬಳಿ ಬರುವವರೆಗೂ ಅಲ್ಲಾಡೋದಿಲ್ಲ. ಅದು ನೆಗೆದು ಓಡಿದಾಗ ಹಿಂಗಾಲಿನ ಗುರುತು ಮುಂಗಾಲಿನ ಗುರುತಿಗಿಂತ ಮುಂದೆ ಬಿದ್ದಿರುತ್ತೆ. ಇದು ಗೊತ್ತಿಲ್ಲದವರು ಮೊಲ ಹೋದ ದಿಕ್ಕನ್ನೇ ತಿರುಗಾಮುರುಗಾ ಓದುತ್ತಾರೆ. ಹಂದಿ ಮೂತಿಯಿಂದ ನೆಲ ಉತ್ತಂತೆ ಮಾಡುತ್ತೆ, ಕೆಸರಲ್ಲಿ ಹೊರಳಿ ಮರಕ್ಕೆ ಮೈ ಉಜ್ಜುತ್ತೆ, ಆ ಕೆಸರು ಹಸಿ ಇದೆಯೋ ಒಣಗಿದೆಯೋ ನೋಡಿದರೆ ಎಷ್ಟು ಹೊತ್ತಾಯಿತು ತಿಳಿಯುತ್ತೆ. ಹುತ್ತ ಅಗೆದು ತೂತು ಮಾಡಿದ್ದರೆ, ಸಗಣಿಯಲ್ಲಿ ಬಾರೆ, ಕವಳೆ ಹಣ್ಣಿನ ಬೀಜ ಕಂಡರೆ ಅಲ್ಲಿ ಕರಡಿ ಓಡಾಡಿದೆ. ಗಾಳಿ ಯಾವ ಕಡೆಯಿಂದ ಬರುತ್ತಿದೆ, ಹಕ್ಕಿಗಳು ಯಾಕೆ ಒಮ್ಮೆಲೇ ಸುಮ್ಮನಾದವು, ಇದೆಲ್ಲ ಓದೋ ಕಣ್ಣು ಕಿವಿಯನ್ನು ಯಾವ ಕಾನೂನೂ ತಡೆದಿಲ್ಲ.

ಈ ತಿಳಿವಳಿಕೆ ಜೀವ ಉಳಿಸುವಂಥದ್ದೂ ಹೌದು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಗುಡ್ಡಗಳಲ್ಲಿ 2013ರಲ್ಲಿ ಕರಡಿ ಧಾಮ ಘೋಷಣೆಯಾಗಿ, 2019ರಲ್ಲಿ ಅದನ್ನು ವಿಸ್ತರಿಸಲಾಯಿತು. ಪಕ್ಕದ ದರೋಜಿ ಧಾಮ 1994ರದ್ದು. ಬಂಡೆಗಲ್ಲಿನ ಗವಿಗಳಿರುವ ಈ ಒಣ ಗುಡ್ಡಗಳು ಕರಡಿಗೆ ಹೇಳಿ ಮಾಡಿಸಿದ ಜಾಗ. ಕರಡಿ ಮನುಷ್ಯನನ್ನು ತಿನ್ನಲು ಬರೋದಿಲ್ಲ, ತಲೆ ತಗ್ಗಿಸಿ ಹುತ್ತ ಅಗೆಯುವಾಗ ಎದುರಿಗೆ ಯಾರಾದರೂ ದಿಢೀರ್ ಅಂತ ಬಂದರೆ ಗಾಬರಿಯಲ್ಲಿ ಮೇಲೆರಗುತ್ತೆ. ಚಳಿಗಾಲದಲ್ಲಿ ಹುಟ್ಟಿದ ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿಯಂತೂ ಬಹಳ ಅಪಾಯಕಾರಿ. ಬೇಟೆ ಬಲ್ಲ ಹಿರಿಯರು ನಸುಕಿನಲ್ಲಿ ಗುಡ್ಡದ ದಾರಿ ಹಿಡಿದಾಗ ಕೆಮ್ಮುತ್ತಾ, ಮಾತಾಡುತ್ತಾ, ಕೋಲು ಬಡಿಯುತ್ತಾ ಹೋಗೋದು ಇದಕ್ಕೇ. ಸೀತಾಫಲಕ್ಕೆ, ಸೌದೆಗೆ ಹೋಗೋ ಹೆಣ್ಣುಮಕ್ಕಳಿಗೆ, ಕುರಿ ಕಾಯೋ ಹುಡುಗರಿಗೆ ಈ ಒಂದು ಪಾಠ ಸಿಕ್ಕರೆ ಆಸ್ಪತ್ರೆಯ ದಾರಿ ತಪ್ಪುತ್ತೆ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಇನ್ನೊಂದು ಉದಾಹರಣೆ. ನೀರಾವರಿಗೆ ಕಟ್ಟಿದ ಕೆರೆ, ನೀರಲ್ಲಿ ನಿಂತ ಕರಿಜಾಲಿ ಮರಗಳ ತುಂಬ ಗೂಡು. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, 2024ರ ಜನವರಿ ಕೊನೆಗೆ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು. ವಿಸ್ತೀರ್ಣ ಸುಮಾರು 98 ಹೆಕ್ಟೇರ್ ಅಷ್ಟೇ, ಆದರೆ 30 ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳು ಅಲ್ಲಿ ಗೂಡು ಕಟ್ಟುತ್ತವೆ, ರಾತ್ರಿ ತಂಗುತ್ತವೆ. ಬಣ್ಣದ ಕೊಕ್ಕರೆ ಯಾವ ಮರಕ್ಕೆ ಯಾವಾಗ ಬರುತ್ತೆ ಅಂತ ದೂರದಿಂದಲೇ ಹೇಳುವ ಕಣ್ಣು ಇಂಥ ಕಡೆ ಮಾರ್ಗದರ್ಶಿಯ ಕೆಲಸಕ್ಕೂ ಬರುತ್ತೆ.

ಕೇಳಿದ್ದನ್ನು ಬರೆದಿಡಲು ಸರ್ಕಾರಿ ಜಾಗವೂ ಇದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಪ್ರಾಣಿ, ಗಿಡ, ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆಯ ದಾಖಲೆ ಪುಸ್ತಕ ಮಾಡಬೇಕು. ಹಿರಿಯರನ್ನು ಕೂರಿಸಿಕೊಂಡು ನಮ್ಮೂರ ಗುಡ್ಡದಲ್ಲಿ ಏನೇನಿತ್ತು, ಯಾವುದು ಯಾವಾಗ ಕಾಣೆಯಾಯಿತು ಅಂತ ಅದರಲ್ಲಿ ಬರೆಸಬಹುದು. ಬೇಟೆಯನ್ನು ಹೊರಗಿಟ್ಟ ಅದೇ ಅರಣ್ಯ ಹಕ್ಕು ಕಾಯ್ದೆ ಕೂಡ ಜೀವವೈವಿಧ್ಯದ ಬಗೆಗಿನ ಪಾರಂಪರಿಕ ಜ್ಞಾನದ ಮೇಲೆ ಸಮುದಾಯಕ್ಕೆ ಹಕ್ಕು ಕೊಟ್ಟಿದೆ. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನ ವಿಭಾಗವೇ ಇದೆ. ಮೊಬೈಲ್‌ನಲ್ಲಿ ಸತ್ತ ಮೊಲದ ಬದಲು ಅಜ್ಜನ ಮಾತು ರೆಕಾರ್ಡ್ ಮಾಡಿಕೊಂಡರೆ ಅಲ್ಲಿಯವರಿಗೂ ಉಪಯೋಗ.

ರಕ್ತವಿಲ್ಲದ ಆಚರಣೆ

ಆಚರಣೆ ನಿಂತುಹೋಗುತ್ತೆ ಅನ್ನೋ ಆತಂಕಕ್ಕೆ ನಮ್ಮ ಸುತ್ತಲೇ ಉತ್ತರ ಇದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆ ಹೊತ್ತಿಗೆ ಡೆಂಕನಮರಡಿಯಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ ಕಾರ್ಣಿಕ ನುಡಿಯುತ್ತಾನೆ. ಲಕ್ಷಾಂತರ ಜನ ಒಂದು ಕ್ಷಣ ಉಸಿರು ಹಿಡಿದು ನಿಲ್ಲೋದು ಆ ಬಿಲ್ಲಿನ ಮುಂದೆ. ಬಾಣ ಬಿಡದ ಬಿಲ್ಲು ಅದು. ದೈವದ ನಾಯಿಗಳಂತೆ ಗೊರವರು ಬೊಗಳುತ್ತಾ ದೋಣಿಯ ಹಾಲು ಹಣ್ಣು ಸವಿಯುವ ಸೇವೆಯಲ್ಲೂ ಬೇಟೆಯ ನೆರಳು ಕಾಣುತ್ತೆ. ಆಂಧ್ರದ ಅಹೋಬಲದಲ್ಲಿ ಸಂಕ್ರಾಂತಿ ಬಳಿಕ ದೇವರು ಪಾರುವೇಟೆಗೆ ಅಂದರೆ ಬೇಟೆಗೆ ಹೊರಟು ಸುಮಾರು 40 ದಿನ ಹಳ್ಳಿ ಹಳ್ಳಿ ಸುತ್ತುತ್ತಾನೆ, ಅದರಲ್ಲಿ ಚೆಂಚು ಬುಡಕಟ್ಟಿನವರಿಗೆ ಮುಖ್ಯ ಸ್ಥಾನ. ಅಲ್ಲೂ ಪ್ರಾಣಿ ಸಾಯೋದಿಲ್ಲ. ಮಹಾನವಮಿಯಲ್ಲಿ ಈಟಿ, ಕತ್ತಿಗೆ ಪೂಜೆ ಮಾಡಿ ಬನ್ನಿ ಮುಡಿಯುವ ಮನೆಗಳು ಈ ಐದೂ ತಾಲ್ಲೂಕಿನಲ್ಲಿವೆ. ಊರು ಸೇರಿ ಗುಡ್ಡಕ್ಕೆ ಹೋಗೋದು, ಹಿರಿಯ ಮುಂದೆ ನಡೆದು ಹುಡುಗರಿಗೆ ಜಾಡು ತೋರಿಸೋದು, ಸಂಜೆ ಎಲ್ಲರೂ ಒಟ್ಟಿಗೆ ಕುರಿ ಕಡಿದು ಪಾಲು ಹಂಚಿಕೊಳ್ಳೋದು ಇದಕ್ಕೆ ಯಾರದೂ ತಕರಾರಿಲ್ಲ. ಗುಡ್ಡ ಮೀಸಲು ಅರಣ್ಯವೋ ಧಾಮವೋ ಆಗಿದ್ದರೆ ಮುಂಚೆಯೇ ಇಲಾಖೆಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಪ್ರಾಣಿ ಎಬ್ಬಿಸಲು ಹುಲ್ಲಿಗೆ ಬೆಂಕಿ ಹಚ್ಚುವುದು ಮಾತ್ರ ಯಾವ ನೆಪಕ್ಕೂ ಬೇಡ. ಅದು ಪ್ರತ್ಯೇಕ ಅಪರಾಧ, ಮೇಲಾಗಿ ಬೇಸಿಗೆಯ ಮೇವೂ ಸುಟ್ಟುಹೋಗುತ್ತೆ.

ಉರುಳಿಗೆ ಸಿಕ್ಕ, ಬಾವಿಗೆ ಬಿದ್ದ, ಊರೊಳಗೆ ಬಂದ ಪ್ರಾಣಿ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಬಹುದು. ಕರಡಿ, ಚಿರತೆಯಾಗಿದ್ದರೆ ಜನ ಗುಂಪು ಕಟ್ಟಿ ಸುತ್ತುವರಿಯಬಾರದು, ಓಡಲು ಒಂದು ದಾರಿ ಬಿಟ್ಟಿರಬೇಕು. ಹೊಲದ ಬದುವಿನಲ್ಲಿ ಮೊಲದ ಮರಿ ಒಂಟಿಯಾಗಿ ಕೂತಿದ್ದರೆ ತಬ್ಬಲಿ ಅಂತ ಎತ್ತಿಕೊಂಡು ಮನೆಗೆ ತರಬಾರದು. ಮೊಲದ ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟು, ಮೈತುಂಬ ಕೂದಲಿಟ್ಟುಕೊಂಡು ಬರುತ್ತೆ. ತಾಯಿ ಹಗಲೆಲ್ಲ ದೂರ ಇದ್ದು, ಕತ್ತಲಾದ ಮೇಲೆ ಹಾಲು ಕೊಡೋಕೆ ಬರುತ್ತೆ.